ಸತ್ತವರನ್ನು ಎತ್ತಿದವರು

ದೊಡ್ಡಗಾಜನೂರು
12 ಜೂನ್ 2024

ಜಡೇಸ್ವಾಮಿಗೆ ಚನ್ನಮಲ್ಲಮ್ಮನ ಆಶೀರ್ವಾದ.

ನಿನ್ನ ವಿಳಾಸವನ್ನು ನಿನ್ನಕ್ಕ ಸಿದ್ದಿ ಕೊಟ್ಟಳು. ಸೀಗೆಕಾಯಿ ಮಾರಲು ತಾಳವಾಡಿಗೆ ಬಂದಿದ್ದವಳು ನಮ್ಮ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಹೋದಳು. ಹಿಮದಿಂದ ಕೆಟ್ಟ ನಿನ್ನ ಕಾಲ್ಬೆರಳುಗಳನ್ನು ತೆಗೆದಿದ್ದಾರಂತೆ, ಪುಣೆಯ ಸೇನಾ ಆಸ್ಪತ್ರೆಯಲ್ಲಿ ಇನ್ನೂ ತಿಂಗಳುಗಟ್ಟಲೆ ಇರಬೇಕಂತೆ. ಕೇಳಿದಾಗ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬೇಸರ ಮಾಡಿಕೊಳ್ಳಬೇಡ, ಜನವರಿಯಿಂದ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿಲ್ಲ. ವೃಷಭೇಂದ್ರನನ್ನು ಮಣ್ಣು ಮಾಡಿದ ದಿನವೂ ನಾನು ಅಳಲಿಲ್ಲ. ಹೆತ್ತವಳು ಅಳಲಿಲ್ಲವಲ್ಲ ಎಂದು ಊರಿನ ಹೆಂಗಸರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಸುಮ್ಮನಾದರೆ ಲೈನು ಹೋಯಿತೆಂದು ಹಲೋ ಹಲೋ ಅನ್ನುತ್ತಾರೆ. ಕಾಗದದಲ್ಲಿ ಆ ಗೋಳಿಲ್ಲ.

ವೃಷಭನ ಟ್ರಂಕಿನಲ್ಲಿ ನಿನ್ನ ಹೆಸರು ಬರೆದ ಯುದ್ಧಚರಿತ್ರೆಯ ಪುಸ್ತಕವೊಂದಿತ್ತು. ನೀವಿಬ್ಬರೂ ಇದ್ದ ಹಿಮದ ಠಾಣೆಯಲ್ಲಿ ಪುಸ್ತಕಗಳ ಪೆಟ್ಟಿಗೆ ನಿನ್ನ ಸುಪರ್ದಿಯಲ್ಲೇ ಇತ್ತೆಂದು ಅವನು ಹೇಳುತ್ತಿದ್ದ. ಬಾಲವಾಡಿಯ ಮಕ್ಕಳಿಗೆ ಮೊಲ ನರಿ ಕಥೆ ಹೇಳಿಕೊಂಡಿದ್ದ ನಾನು ಅದನ್ನು ಹಟಕ್ಕೆ ಬಿದ್ದು ಓದಿದೆ. ಪುಟಪುಟಕ್ಕೂ ಜನ ಸಾಯುತ್ತಾರೆ, ಪುಟ ತಿರುಗಿಸಿದರೆ ಸೈನ್ಯ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಬಿದ್ದವರನ್ನು ಎತ್ತಿದವರು ಯಾರು, ಎಲ್ಲಿಟ್ಟರು, ಹೇಗಿಟ್ಟರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಅದನ್ನು ಹೇಳುವ ಪುಸ್ತಕಗಳು ಯಾವುವು? ಹಳೆಯ ಕಾಲದಿಂದ ಶುರುಮಾಡಿ ಒಂದೊಂದಾಗಿ ತಿಳಿಸು.

ಯಾಕೆಂದು ಹೇಳುತ್ತೇನೆ. ಮಣ್ಣು ಮಾಡಿದ ಪೆಟ್ಟಿಗೆಯನ್ನು ವರ್ಷ ತುಂಬುವ ಮೊದಲು ತೆಗೆದು ನೋಡಬೇಕೆಂದು ಮೈದುನ ಸೋಮಶೇಖರ್ ಹಟ ಹಿಡಿದಿದ್ದಾನೆ. ಹೂಂ ಅನ್ನಬೇಕಾದವಳು ನಾನು. ಅದಕ್ಕೆ ಧೈರ್ಯ ಬೇಕು, ನನ್ನಲ್ಲಿಲ್ಲ. ಬೇರೆಯವರ ಮಕ್ಕಳಿಗೆ ಏನಾಯಿತೆಂದು ಓದಿಕೊಂಡರೆ ಬರಬಹುದೇನೋ. ಒಂದು ಮಾತು ಮಾತ್ರ ನಡೆಸಿಕೊಡು. ವೃಷಭನ ಬಗ್ಗೆ ಏನೂ ಬರೆಯಬೇಡ. ಪೆಟ್ಟಿಗೆಯ ಬಗ್ಗೆಯೂ ಬರೆಯಬೇಡ. ನಿನಗೆ ಗೊತ್ತಿದೆ ಎಂಬುದು ನನಗೆ ಗೊತ್ತು, ಅಷ್ಟು ಸಾಕು.

ಇಂತಿ,
ಚನ್ನಮಲ್ಲಮ್ಮ


ಪುಣೆ
3 ಜುಲೈ 2024

ಅಮ್ಮಾವ್ರಿಗೆ ಜಡೇಸ್ವಾಮಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಇಲ್ಲಿ ನನಗೆ ಕನ್ನಡದಲ್ಲಿ ಬಂದ ಮೊದಲ ಕಾಗದ ಇದು. ಪಕ್ಕದ ಮಂಚದ ಪಂಜಾಬಿನವನು ಅಕ್ಷರ ನೋಡಿ, ಇದೇನು ಜಿಲೇಬಿ ಸುತ್ತಿದ್ದಾರೆ ಎಂದು ನಕ್ಕ.

ಬರೆಯಬೇಡ ಅಂದಿದ್ದನ್ನು ಬರೆಯುವುದಿಲ್ಲ. ಪೆಟ್ಟಿಗೆಯ ಜೊತೆ ಬಂದ ಹವಾಲ್ದಾರರು ಹೇಳಬೇಕಾದದ್ದನ್ನೆಲ್ಲ ಹೇಳಿರುತ್ತಾರೆ. ಸೋಮಶೇಖರ್ ಅವರ ಕೋಪ ನನಗೆ ಅರ್ಥವಾಗುತ್ತದೆ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಮೊದಲು ವೀರಗಲ್ಲುಗಳಿಂದ ಶುರುಮಾಡಿ. ಮೈಸೂರಿನ ಗೆಳೆಯನಿಗೆ ಹೇಳಿದ್ದೇನೆ, ಕೆಂಪು ರಟ್ಟಿನ ಪುಸ್ತಕವೊಂದನ್ನು ಅಂಚೆಯಲ್ಲಿ ಕಳಿಸುತ್ತಾನೆ. ಗಂಗರು, ಹೊಯ್ಸಳರು ಎಂದು ರಾಜವಂಶಗಳ ವಿವರ ಬರುವ ಪುಟಗಳನ್ನು ಹಾರಿಸಿಬಿಡಿ, ನಿದ್ದೆ ಬರುತ್ತದೆ. ಕಲ್ಲಿನ ಚಿತ್ರಗಳನ್ನು ನೋಡಿ. ನಮ್ಮ ಸೀಮೆಯಲ್ಲಿ ರಾಜರ ಯುದ್ಧಕ್ಕಿಂತ ದನದ ಯುದ್ಧವೇ ಹೆಚ್ಚು. ಊರಿನ ದನ ಹೊಡೆದುಕೊಂಡು ಹೋದವರ ಹಿಂದೆ ಓಡಿ ಸತ್ತವನಿಗೂ ಒಂದು ಕಲ್ಲು ನಿಲ್ಲಿಸುತ್ತಿದ್ದರು. ನಿಮ್ಮ ಹೊಲದ ಬದುವಿನಲ್ಲಿ ಹಸು ಕಟ್ಟುವ ಕಲ್ಲೂ ಅಂಥದ್ದೇ. ಬಾಲ್ಯದಲ್ಲಿ ಅದರ ಮೇಲೆ ಕೂತು ಹುಣಸೆಹಣ್ಣು ತಿಂದವರು ನಾವು. ಕೆಳಗಿಂದ ಮೇಲಕ್ಕೆ ಓದಬೇಕು, ಅಮ್ಮಾವ್ರೇ. ಎಲ್ಲರೂ ಮೇಲಿನಿಂದ ನೋಡಿ ತಪ್ಪು ಮಾಡುತ್ತಾರೆ.

ನನ್ನ ಕಾಲು ಪರವಾಗಿಲ್ಲ. ಕೋಲು ಕೊಟ್ಟಿದ್ದಾರೆ. ಕಾಡಿನಲ್ಲಿ ಹುಟ್ಟಿದವನು ಆಸ್ಪತ್ರೆಯ ನುಣುಪು ನೆಲದ ಮೇಲೆ ನಡೆಯಲು ಕಲಿಯುತ್ತಿದ್ದೇನೆ.

ನಿಮ್ಮ
ಜಡೇಸ್ವಾಮಿ


ದೊಡ್ಡಗಾಜನೂರು
18 ಆಗಸ್ಟ್ 2024

ಜಡೇಸ್ವಾಮಿಗೆ ಆಶೀರ್ವಾದ.

ಕೆಂಪು ರಟ್ಟಿನದು ಬಂತು. ನೀನು ಹೇಳಿದ ಪುಟಗಳನ್ನು ಹಾರಿಸದೆ ಓದಿದೆ. ನಿದ್ದೆ ಬಂದರೆ ನನಗೆ ಒಳ್ಳೆಯದೇ ಎಂದುಕೊಂಡೆ. ಬರಲಿಲ್ಲ.

ಓದುತ್ತ ಓದುತ್ತ ಬದುವಿನ ಕಲ್ಲನ್ನು ಕೆಳಗಿಂದ ನೋಡಬೇಕಂತೆ ಎಂದು ಗಟ್ಟಿಯಾಗಿ ಅಂದುಬಿಟ್ಟೆ. ನಮ್ಮ ಯಜಮಾನರು ಜನವರಿಯಿಂದ ಮಾತು ಬಿಟ್ಟಿದ್ದಾರೆ ಎಂದು ಸಿದ್ದಿ ನಿನಗೆ ಹೇಳಿರಬೇಕು. ಊಟ ಬಡಿಸಿದರೆ ಉಣ್ಣುತ್ತಾರೆ, ಆನೆ ಬಂದರೆ ತಮಟೆ ಬಡಿಯುತ್ತಾರೆ, ಅಷ್ಟೇ. ಮಾರನೆಯ ದಿನ ನೋಡಿದರೆ ಹಾರೆ ತೆಗೆದುಕೊಂಡು ಹೋಗಿ ಕಲ್ಲಿನ ಬುಡದ ಮಣ್ಣು ಬಿಡಿಸಿ ತೊಳೆದಿದ್ದಾರೆ. ಮದುವೆಯಾಗಿ ಬಂದಾಗಿನಿಂದ ಕಂಡ ಕಲ್ಲು. ಕೆಳಗೆ ಇನ್ನೊಂದು ಸಾಲು ಚಿತ್ರ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕೆಳಗೆ ಒಬ್ಬ ಬಿಲ್ಲು ಹಿಡಿದು ನಿಂತಿದ್ದಾನೆ, ಹಿಂದೆ ದನಗಳು. ಮಧ್ಯದಲ್ಲಿ ಇಬ್ಬರು ಹೆಂಗಸರು ಅವನ ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಕಾಲು ಮಡಚಿ ಕೂತಿದ್ದಾನೆ, ಎದುರಿಗೆ ಲಿಂಗ. ಆ ಹೆಂಗಸರು ಅಪ್ಸರೆಯರು ಎಂದು ಪುಸ್ತಕ ಹೇಳುತ್ತದೆ. ನಾನು ನಂಬುವುದಿಲ್ಲ. ದನ ಕಳೆದುಕೊಂಡ ಊರಿನ ಹೆಂಗಸರೇ ಹೋಗಿ ಎತ್ತಿಕೊಂಡು ಬಂದಿರಬೇಕು. ಕಲ್ಲುಕುಟಿಗ ಒಡವೆ ತೊಡಿಸಿ ಚೆಂದ ಮಾಡಿದ. ಅಪ್ಸರೆಯರ ಕಾಲು ಅಷ್ಟು ದಪ್ಪ ಇರುತ್ತದೆಯೇ?

ಯಜಮಾನರು ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಏನು ನೋಡುತ್ತಿದ್ದೀರಿ ಎಂದೆ. ಹಸುವಿನ ಹಗ್ಗ ಬಿಚ್ಚಿಕೊಂಡು ಹೋದರು. ಹಸುವನ್ನು ಈಗ ಬೇವಿನ ಮರಕ್ಕೆ ಕಟ್ಟುತ್ತಾರೆ.

ಮುಂದಿನದು ಹೇಳು. ದೂರದ ದೇಶದ್ದಾದರೂ ಅಡ್ಡಿಯಿಲ್ಲ.

ಇಂತಿ,
ಚನ್ನಮಲ್ಲಮ್ಮ


ಪುಣೆ
20 ಸೆಪ್ಟೆಂಬರ್ 2024

ಅಮ್ಮಾವ್ರಿಗೆ ನಮಸ್ಕಾರಗಳು.

ಅಪ್ಸರೆಯರ ಕಾಲಿನ ವಿಷಯ ಓದಿ ನಕ್ಕೆ. ನಕ್ಕಿದ್ದಕ್ಕೆ ಆಮೇಲೆ ಸಂಕಟವಾಯಿತು.

ಮೈಸೂರಿನಿಂದ ಎರಡು ಪುಸ್ತಕ ಬರುತ್ತವೆ. ಒಂದು ಹಳೆಯ ಗ್ರೀಸಿನದು. ಅಥೆನ್ಸ್ ಎಂಬ ಊರಿನವರು ಯುದ್ಧದಲ್ಲಿ ಸತ್ತವರ ಮೂಳೆಗಳನ್ನು ಊರಿಗೆ ತರುತ್ತಿದ್ದರು. ಒಂದೊಂದು ಕುಲಕ್ಕೆ ಒಂದೊಂದು ಪೆಟ್ಟಿಗೆ. ಇವುಗಳ ಜೊತೆಗೆ ಬಟ್ಟೆ ಹಾಸಿದ ಖಾಲಿ ಚಟ್ಟವೊಂದನ್ನೂ ಹೊರುತ್ತಿದ್ದರು, ದೇಹ ಸಿಗದವರಿಗಾಗಿ. ಮೆರವಣಿಗೆಯಲ್ಲಿ ಖಾಲಿ ಚಟ್ಟಕ್ಕೂ ಹೆಗಲು ಕೊಟ್ಟವರಿದ್ದರು. ನಾನು ಓದಿದ ಯುದ್ಧದ ಪುಟಗಳಲ್ಲಿ ಇದೊಂದನ್ನು ಮರೆಯಲಾಗಿಲ್ಲ.

ಇನ್ನೊಂದು ನಮ್ಮದೇ ಸೀಮೆಯದು. ಮೈಸೂರಿನವರಿಗೂ ಇಂಗ್ಲಿಷರಿಗೂ ನಡೆದ ಯುದ್ಧಗಳು. ನಮ್ಮ ಕೆಳಗಿನ ಗಜ್ಜಲಹಟ್ಟಿ ಕಣಿವೆಯಲ್ಲೇ ಸೈನ್ಯ ಹತ್ತಿ ಇಳಿದಿದೆ. ಇದನ್ನು ಓದುವಾಗ ಒಂದು ಎಚ್ಚರ ಇರಲಿ. ಬರೆದವರಲ್ಲಿ ಹೆಚ್ಚಿನವರು ಗೆದ್ದವರು. ಶ್ರೀರಂಗಪಟ್ಟಣ ಬಿದ್ದ ದಿನ ಸುಲ್ತಾನನ ದೇಹ ಹುಡುಕಿದ್ದು ಹೇಗೆ, ಮಣ್ಣು ಮಾಡಿದ್ದು ಹೇಗೆ ಎಂದು ಪುಟಗಟ್ಟಲೆ ಇದೆ. ಅದೇ ಬಾಗಿಲಲ್ಲಿ ರಾಶಿ ಬಿದ್ದವರ ಲೆಕ್ಕ ಒಂದು ಸಾಲಿನಲ್ಲಿ ಮುಗಿಯುತ್ತದೆ. ಅವರನ್ನು ಎತ್ತಿದವರು ಯಾರೆಂದು ನಾನೂ ಹುಡುಕಿದೆ. ಸಿಗಲಿಲ್ಲ.

ವೃಷಭ ಈ ಪುಸ್ತಕ ಓದುವಾಗ

ಕ್ಷಮಿಸಿ. ಬರೆಯಬಾರದೆಂದಿದ್ದಿರಿ. ಹೊಡೆದುಹಾಕಿದರೆ ಇನ್ನೂ ಎದ್ದು ಕಾಣುತ್ತದೆಂದು ಹಾಗೇ ಬಿಟ್ಟಿದ್ದೇನೆ.

ನಿಮ್ಮ
ಜಡೇಸ್ವಾಮಿ


ದೊಡ್ಡಗಾಜನೂರು
27 ಅಕ್ಟೋಬರ್ 2024

ಜಡೇಸ್ವಾಮಿಗೆ ಆಶೀರ್ವಾದ.

ನಿನ್ನ ಎರಡು ಪುಸ್ತಕದ ಜೊತೆಗೆ ಆ ಗೆಳೆಯ ಮೂರನೆಯದನ್ನೂ ಕಟ್ಟಿದ್ದ, ರಟ್ಟು ಕಿತ್ತುಹೋದದ್ದು. ಯುರೋಪಿನ ಯುದ್ಧಗಳು. ನೀನು ಹೇಳಿದ್ದೋ ಅವನೇ ಸೇರಿಸಿದ್ದೋ ಗೊತ್ತಿಲ್ಲ. ವಾಟರ್ಲೂ ಎಂಬಲ್ಲಿ ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ ಅಂಥ ರಣಭೂಮಿಗಳ ಮೂಳೆಗಳನ್ನು ಆಯ್ದು ಹಡಗಿನಲ್ಲಿ ಸಾಗಿಸಿ, ಪುಡಿ ಮಾಡಿ, ಹೊಲಕ್ಕೆ ಗೊಬ್ಬರವಾಗಿ ಮಾರಿದರೆಂದು ಆ ಕಾಲದ ಪತ್ರಿಕೆಗಳು ಬರೆದಿದ್ದವಂತೆ. ಕುದುರೆಯ ಮೂಳೆ, ಸಿಪಾಯಿಯ ಮೂಳೆ ಎಂದು ಬೇರೆ ಮಾಡಲಿಲ್ಲವಂತೆ.

ಅದನ್ನು ಓದುವಾಗ ನಮ್ಮ ಪಡಸಾಲೆಯಲ್ಲಿ ಅರಿಶಿನಕ್ಕೆಂದು ತಂದ ಮೂಳೆ ಗೊಬ್ಬರದ ಮೂಟೆ ಇತ್ತು. ಓದಿ ಹೇಳಿದೆ. ಯಜಮಾನರು ಮೂಟೆ ಎತ್ತಿ ಸೈಕಲ್ಲಿಗೆ ಹೇರಿಕೊಂಡು ಹೋಗಿ ತಾಳವಾಡಿಯ ಅಂಗಡಿಗೆ ವಾಪಸು ಹಾಕಿ ಬಂದರು. ಅಂಗಡಿಯವನು ಏನಾಯಿತು ಗೌಡ್ರೇ ಎಂದನಂತೆ, ಇವರು ಸೈಕಲ್ಲು ತಿರುಗಿಸಿಕೊಂಡು ಹೊರಟರಂತೆ. ಊರಲ್ಲಿ ಈಗ ಅದೇ ಸುದ್ದಿ. ಗಂಡನಿಗೆ ತಲೆ ಕೆಟ್ಟಿದೆ, ಹೆಂಡತಿ ಕಲ್ಲಾಗಿದ್ದಾಳೆ, ಒಳ್ಳೆ ಜೋಡಿ.

ನನಗೆ ಅಸಹ್ಯವೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಹಲ್ಲು ಕೀಳುವಾಗ ಸೂಜಿ ಹಾಕಿದ ಮೇಲೆ ಕೆನ್ನೆಯನ್ನು ನಾವೇ ಮುಟ್ಟಿದರೂ ಬೇರೆಯವರದನ್ನು ಮುಟ್ಟಿದಂತಿರುತ್ತದಲ್ಲ, ನನ್ನ ದಿನಗಳು ಹಾಗಿವೆ. ಆ ಗ್ರೀಸಿನವರ ಖಾಲಿ ಚಟ್ಟ ಮಾತ್ರ ಕಣ್ಣ ಮುಂದೆ ಬರುತ್ತದೆ. ಅವರಿಗೆ ಖಾಲಿ ಎಂದಾದರೂ ಗೊತ್ತಿತ್ತು. ನಮ್ಮದು ಖಾಲಿಯೂ ಅಲ್ಲ, ತುಂಬಿದ್ದೂ ಅಲ್ಲ.

ಹೊಲಕ್ಕೆ ಆನೆ ಬಂದು ಬಾಳೆ ಮುರಿದು ಹೋಯಿತು. ಮುಂದಿನ ಪುಸ್ತಕ ಯಾವುದು?

ಇಂತಿ,
ಚನ್ನಮಲ್ಲಮ್ಮ


ಪುಣೆ
22 ನವೆಂಬರ್ 2024

ಅಮ್ಮಾವ್ರಿಗೆ ನಮಸ್ಕಾರಗಳು.

ರಟ್ಟಿಲ್ಲದ ಪುಸ್ತಕ ನಾನು ಹೇಳಿದ್ದಲ್ಲ. ಗೊಬ್ಬರದ ಪುಟ ನಿಮ್ಮ ಕಣ್ಣಿಗೆ ಬೀಳದಿರಲಿ ಎಂದು ಬೇಕೆಂದೇ ಬಿಟ್ಟಿದ್ದೆ.

ಈಗ ಕಳಿಸುತ್ತಿರುವುದು ಮೊದಲನೆಯ ಮಹಾಯುದ್ಧದ್ದು. ನಮ್ಮವರು ಇಂಗ್ಲಿಷರ ಪರವಾಗಿ ಹೋಗಿ ಪರದೇಶದ ಮರಳಿನಲ್ಲಿ ಸತ್ತದ್ದು. ಸತ್ತವರನ್ನೆಲ್ಲ ಲೆಕ್ಕವಿಟ್ಟು, ಒಬ್ಬೊಬ್ಬನಿಗೂ ಒಂದೇ ಅಳತೆಯ ಕಲ್ಲು ನಿಲ್ಲಿಸಲು ಹೊರಟ ಕಾಲ ಅದು. ಓದಿದರೆ ಸಮಾಧಾನವಾಗುತ್ತದೆ. ಪೂರ್ತಿ ಸಮಾಧಾನ ಮಾಡಿಕೊಳ್ಳಬೇಡಿ. ಬಸ್ರಾದ ಗೋಡೆಯ ಮೇಲೆ ಇಂಗ್ಲಿಷರ ಹೆಸರುಗಳನ್ನು ಕೆತ್ತಿದರು, ನಮ್ಮ ಸಿಪಾಯಿಗಳದು ಪಲ್ಟನ್ನಿಗೆ ಇಷ್ಟು ಜನ ಎಂಬ ಅಂಕಿ ಮಾತ್ರ. ದನದ ಹಿಂದೆ ಓಡಿ ಸತ್ತವನಿಗೆ ನಿಮ್ಮ ಹೊಲದಲ್ಲಿ ಅವನದೇ ಒಂದು ಮುಖವಿದೆ. ಅವರಿಗೆ ಅದೂ ಇಲ್ಲ.

ಇದರ ಮುಂದಿನದು ನಮ್ಮ ಕಾಲದ್ದು. ಹಿಮದ ಮೇಲಿನ ಠಾಣೆಗಳದ್ದು. ಒಳ್ಳೆಯ ಪುಸ್ತಕಗಳಿವೆ, ನಾನು ಹೇಳುವುದಿಲ್ಲ. ನನ್ನ ಪಟ್ಟಿ ಇಲ್ಲಿಗೆ ಮುಗಿಯಿತು.

ಖಾಲಿಯೂ ಅಲ್ಲ, ತುಂಬಿದ್ದೂ ಅಲ್ಲ ಎಂದು ಬರೆದಿದ್ದೀರಿ. ಅದು ನನಗೆ ಅರ್ಥವಾಗಲಿಲ್ಲ. ಕೇಳಲು ನನಗೆ ಅಪ್ಪಣೆಯಿಲ್ಲ. ಆದರೂ ಆವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ.

ನಿಮ್ಮ
ಜಡೇಸ್ವಾಮಿ


ದೊಡ್ಡಗಾಜನೂರು
11 ಡಿಸೆಂಬರ್ 2024

ಜಡೇಸ್ವಾಮಿಗೆ,

ಈಗ ಅಪ್ಪಣೆ ಕೊಡುತ್ತಿದ್ದೇನೆ. ನಾನೇ ಹಾಕಿದ ಷರತ್ತನ್ನು ನಾನೇ ಮುರಿಯುತ್ತೇನೆ.

ಸೋಮಶೇಖರ್ ತಾಲೂಕು ಆಫೀಸಿಗೆ ಅರ್ಜಿ ಬರೆದುಕೊಟ್ಟು ಬಂದಿದ್ದಾನೆ. ಸಂಕ್ರಾಂತಿ ಕಳೆದ ಮೇಲೆ ಗುಂಡಿ ತೆಗೆಯುವುದಂತೆ. ನಮ್ಮ ಕುಲದಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತೇವೆ. ನಮ್ಮ ಅತ್ತೆಯನ್ನು ಹಾಗೆ ಕೂರಿಸಿದ್ದನ್ನು ನೀನೂ ಬೇಲಿಯ ಆಚೆಯಿಂದ ನೋಡಿದ್ದೀಯ. ಪೆಟ್ಟಿಗೆಯಲ್ಲಿ ಮಣ್ಣಾದವನು ವೃಷಭ ಒಬ್ಬನೇ. ಸೋಮಶೇಖರ್ ಹೇಳುವುದು ಹೀಗೆ: "ಒಳುಗ್ ಏನದ ಅಂತ ಗೊತ್ತಿಲ್ದೆ ಅದ್ರ ಮ್ಯಾಲೆ ಗದ್ದುಗೆ ಕಟ್ಟಾಕಾಯ್ತದಾ ಅತ್ಗೆ? ಎಷ್ಟ್ ಸಿಕ್ತದೋ ಅಷ್ಟ್ನೇ ಕೂರ್ಸಿ, ಒಸಾ ಲಿಂಗ ಮಡಗಿ ಶಾಸ್ತ್ರ ಮಾಡವ."

ಎಷ್ಟು ಸಿಕ್ಕುತ್ತದೋ ಅಷ್ಟು. ಈ ಮಾತನ್ನು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ ಜಡೇ.

ಯಾಕೆಂದರೆ ಆ ಪೆಟ್ಟಿಗೆ ಆಳುದ್ದ ಇರಲಿಲ್ಲ. ದಿಂಬಂ ಘಾಟಿ ಹತ್ತಿ ಬಂದ ಮಿಲಿಟರಿ ಲಾರಿಯಿಂದ ಇಳಿಸಿದಾಗ ನೋಡಿದರೆ ಚೌಕಾಕಾರದ ಪೆಟ್ಟಿಗೆ, ಫ್ರಿಜ್ಜಿನ ಡಬ್ಬದಂಥದ್ದು, ಮೇಲು ಯಾವುದೆಂದು ಬಾಣದ ಗುರುತು. ವೃಷಭ ಅವರಪ್ಪನಿಗಿಂತ ಎತ್ತರ. ಅವನು ಅದರಲ್ಲಿ ಹಿಡಿಸುವುದು ಹೇಗೆ? ನೆರೆದ ಜನಕ್ಕೆಲ್ಲ ಅರ್ಥವಾಯಿತು. ಬಾಂಬು ಎಂದು ಯಾರೋ ಪಿಸುಗುಟ್ಟಿದರು. ಸರ್ಕಾರದ ಕಾಗದದಲ್ಲಿ ಕರ್ತವ್ಯದ ವೇಳೆ ಎಂದಷ್ಟೇ ಇತ್ತು.

ಜೊತೆಗೆ ಬಂದಿದ್ದ ಹವಾಲ್ದಾರ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದ. ನಮ್ಮೂರಲ್ಲಿ ಕನ್ನಡ ಇದೆ, ತಮಿಳು ಇದೆ, ಹಿಂದಿ ಯಾರಿಗಿದೆ? ತೆಗೆಯಬೇಡಿ ಅನ್ನುತ್ತಿದ್ದಾನೆ ಎಂದು ಸೋಮಶೇಖರ್ ಹೇಳಿದ. ಹವಾಲ್ದಾರ ಆಮೇಲೆ ನೆಲದ ಮೇಲೆ ಕಾಲು ಮಡಚಿ ಕೂತು ಕಣ್ಣು ಮುಚ್ಚಿದ. ಪಾಪ ದಣಿದಿದ್ದಾನೆ ಎಂದು ನೀರು ಕೊಟ್ಟೆವು.

ಆಳುದ್ದ ತೆಗೆದಿದ್ದ ಗುಂಡಿಯಲ್ಲಿ ಆ ಪೆಟ್ಟಿಗೆ ಇಳಿಸಿದರು. ನಮ್ಮ ಯಜಮಾನರು ತಾವೂ ಗುಂಡಿಗಿಳಿದು ಅದನ್ನು ಒಂದು ಸಲ, ಇನ್ನೊಂದು ಸಲ ಎಂದು ತಿರುಗಿಸುತ್ತಲೇ ಇದ್ದರು. ಹಗ್ಗ ಹಿಡಿದವರು ಗದರಿದರು. ಅವರು ಮಾತು ಬಿಟ್ಟದ್ದು ಆವತ್ತೇ.

ತಿಂಗಳ ಮೇಲೆ ಟ್ರಂಕು ಬಂತು. ಅದರಲ್ಲಿ ಬೆಳ್ಳಿ ಕರಡಿಗೆ ಇತ್ತು. ತೆಗೆದರೆ ಒಳಗೆ ಲಿಂಗವಿಲ್ಲ. ಕೊರಳಲ್ಲಿರಬೇಕಾದ ಕರಡಿಗೆ ಖಾಲಿಯಾಗಿ ಬಂದರೆ ನಾನು ಏನೆಂದು ತಿಳಿಯಲಿ?

ನೀನು ಹೇಳಿದ ಪುಸ್ತಕಗಳನ್ನೆಲ್ಲ ಓದಿದೆ. ಮೂಳೆ, ರಾಶಿ, ಅಂಕಿ, ಎಲ್ಲ ಓದಿದೆ. ಈಗ ತಡೆದುಕೊಳ್ಳುತ್ತೇನೆ. ನನ್ನ ಮಗ ಎಷ್ಟು ಬಂದಿದ್ದಾನೆ ಹೇಳು. ಅವನ ಲಿಂಗ ಎಲ್ಲಿ ಹೋಯಿತು ಹೇಳು. ಅದರ ಮೇಲೆ ಹೂಂ ಅನ್ನುತ್ತೇನೆ, ಇಲ್ಲ ಬೇಡ ಅನ್ನುತ್ತೇನೆ.

ಚನ್ನಮಲ್ಲಮ್ಮ


ಪುಣೆ
18 ಡಿಸೆಂಬರ್ 2024

ಅಮ್ಮಾವ್ರೇ,

ಮೊದಲು ಒಂದೇ ಮಾತು. ವೃಷಭ ಇಡಿಯಾಗಿ ಬಂದಿದ್ದಾನೆ. ಒಂದು ಗಾಯವೂ ಇರಲಿಲ್ಲ. ಅವನು ಪೆಟ್ಟಿಗೆಯಲ್ಲಿ ಕೂತಿದ್ದಾನೆ. ಅದಕ್ಕೇ ಅದು ಚೌಕ.

ನಿಮಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಸೋಮಶೇಖರ್ ಅವರು ತೆಗೆಯಬೇಕು ಅನ್ನುತ್ತಿರುವುದು ಸೋಲಿಗನಾದ ನನ್ನ ಕೈ ತಾಗಿದ್ದಕ್ಕೆ ಎಂದುಕೊಂಡೆ. ನೀವು ಬರೆಯಬೇಡ ಅಂದದ್ದೂ ಅದಕ್ಕೇ ಎಂದುಕೊಂಡೆ. ಇಷ್ಟು ತಿಂಗಳು ನಾನು ತಲೆ ತಗ್ಗಿಸಿಕೊಂಡು ಕಾಗದ ಬರೆಯುತ್ತಿದ್ದೆ.

ಯುದ್ಧವಿರಲಿಲ್ಲ, ಬಾಂಬಿರಲಿಲ್ಲ. ಆ ಎತ್ತರದಲ್ಲಿ ಗಾಳಿ ಸಾಲದು. ಕೆಲವರಿಗೆ ಇದ್ದಕ್ಕಿದ್ದಂತೆ ಎದೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಮಧ್ಯಾಹ್ನ ಕೆಮ್ಮಿದ, ಸಂಜೆಗೆ ಮಾತು ನಿಂತಿತು. ಕೆಳಗೆ ಒಯ್ಯಲು ಆಗಲಿಲ್ಲ, ಹಿಮಗಾಳಿ ಎದ್ದು ಹೆಲಿಕಾಪ್ಟರ್ ಬರುವಂತಿರಲಿಲ್ಲ. ನನ್ನ ತೊಡೆಯ ಮೇಲೇ ಹೋದ. ಕಷ್ಟಪಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಲ್ಪ ಪಟ್ಟ. ಒಬ್ಬನೇ ಇರಲಿಲ್ಲ.

ಗಾಳಿ ಯಾವಾಗ ನಿಲ್ಲುತ್ತದೋ ಗೊತ್ತಿರಲಿಲ್ಲ. ಅಲ್ಲಿಯ ಚಳಿಯಲ್ಲಿ ದೇಹವನ್ನು ಹೇಗಿಟ್ಟರೆ ಹಾಗೇ ಕಲ್ಲಾಗುತ್ತದೆ. ಉಳಿದವರು ಉದ್ದಕ್ಕೆ ಮಲಗಿಸಲು ಹೊರಟರು. ನಾನು ಬಿಡಲಿಲ್ಲ. ನಿಮ್ಮ ಅತ್ತೆಯವರನ್ನು ಮಣ್ಣು ಮಾಡಿದ ದಿನ ಬೇಲಿಯ ಹತ್ತಿರ ವೃಷಭ ನನ್ನ ಪಕ್ಕ ನಿಂತು, "ನಮ್ಮಜ್ಜಿ ಕುಂತ್ಕಂಡೇ ಓಯ್ತಳ ಕಣ್ಲಾ" ಅಂದಿದ್ದ. ಅದು ನೆನಪಾಯಿತು. ನಿಮ್ಮ ಬದುವಿನ ಕಲ್ಲೂ ನೆನಪಾಯಿತು. ಕಾಲು ಮಡಚಿಸಿ ಗೋಡೆಗೆ ಒರಗಿಸಿ ಕೂರಿಸಿದೆ. ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟು ಬೆರಳು ಮಡಚಿ, ನನ್ನ ಮಫ್ಲರಿನಿಂದ ಕಟ್ಟಿದೆ. ಮುಟ್ಟಬಾರದೆಂದು ಗೊತ್ತಿತ್ತು. ಮುಟ್ಟಬಹುದಾದವರು ಅಲ್ಲಿ ಯಾರೂ ಇರಲಿಲ್ಲ, ಅಮ್ಮಾವ್ರೇ.

ಗಾಳಿ ನಿಂತು ಕೆಳಗಿನ ಠಾಣೆಗೆ ಇಳಿಸಿದಾಗ ಡಾಕ್ಟರು ಪರೀಕ್ಷಿಸಿ, ಇವನನ್ನು ನೀಳ ಮಾಡಲಾಗುವುದಿಲ್ಲ, ಬಲವಂತ ಮಾಡಬೇಡಿ ಅಂದರು. ನಮ್ಮ ಸುಬೇದಾರರು ಗಢವಾಲದ ಕಡೆಯವರು. ನಿಮ್ಮಲ್ಲಿ ಹೇಗೆ ಮಣ್ಣು ಮಾಡುತ್ತಾರೆ ಎಂದು ಕೇಳಿದರು. ಕೂರಿಸಿ ಎಂದೆ. ಹಾಗಾದರೆ ಇದನ್ನು ಯಾಕೆ ಬಿಡಿಸಬೇಕು ಎಂದು ಬಡಗಿಯನ್ನು ಕರೆದು ಸಾಮಾನು ಪೆಟ್ಟಿಗೆಯ ಹಲಗೆಗಳಿಂದ ಹೊಸದು ಮಾಡಿಸಿದರು. ಲಿಂಗ ಅವನ ಜೊತೆ ಹೋಗಬೇಕು, ಕರಡಿಗೆ ಮನೆಗೆ ಬರಬೇಕು ಎಂದು ನಾನೇ ಕರಡಿಗೆಯನ್ನು ಟ್ರಂಕಿಗೆ ಹಾಕಿದೆ. ಖಾಲಿ ಕರಡಿಗೆ ನೋಡಿದರೆ ನಿಮಗೆ ತಾನಾಗಿಯೇ ತಿಳಿಯುತ್ತದೆಂದುಕೊಂಡೆ. ಅಷ್ಟರಲ್ಲಿ ನನ್ನ ಕಾಲು ಕಪ್ಪಾಗಿತ್ತು. ಇಲ್ಲಿಗೆ ಕಳಿಸಿದರು, ಜೊತೆಗೆ ಬರಲಾಗಲಿಲ್ಲ. ಹವಾಲ್ದಾರ ಕಾಲು ಮಡಚಿ ಕೂತದ್ದು ದಣಿವಿಗಲ್ಲ. ತೋರಿಸುತ್ತಿದ್ದ.

ಒಂದು ಮಾತ್ರ ನನಗೂ ಗೊತ್ತಿಲ್ಲ. ಮೂಡಲಕ್ಕೆ ತಿರುಗಿಸಿ ಕೂರಿಸಲು ಅವನ ಮುಖ ಯಾವ ಕಡೆ ಎಂದು ತಿಳಿಯಲೆಂದು ಆ ಕಡೆಯ ಹಲಗೆಯ ಮೇಲೆ ಅವನದೇ ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಗೆರೆ ಎಳೆದಿದ್ದೆ. ಅಷ್ಟು ದೂರದ ದಾರಿ. ಉಳಿಯಿತೋ ಒರೆಸಿಹೋಯಿತೋ. ನೀವು ಅವನನ್ನು ಯಾವ ದಿಕ್ಕಿಗೆ ಕೂರಿಸಿದಿರೋ ನನಗೆ ತಿಳಿಯದು. ಅದಕ್ಕಾಗಿ ತೆಗೆಯಲೇಬೇಕು ಎಂದಾದರೆ ತೆಗೆಯಿರಿ. ಹೆದರುವಂಥದ್ದು ಒಳಗೆ ಏನೂ ಇಲ್ಲ.

ಜಡೇಸ್ವಾಮಿ


ದೊಡ್ಡಗಾಜನೂರು
2 ಜನವರಿ 2025

ಜಡೇಸ್ವಾಮಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದಾಗ ಸೋಮಶೇಖರ್ ಇಲ್ಲೇ ಇದ್ದ. ಗುಂಡಿ ತೆಗೆಯುವ ಆಳುಗಳಿಗೆ ಹೇಳಿಬಂದಿದ್ದೇನೆ ಎಂದು ಹೇಳಲು ಬಂದಿದ್ದ. ನಾನು ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಬಾಲವಾಡಿಯಲ್ಲಿ ಕಥೆ ಓದಿದ ದನಿಯಲ್ಲೇ ಓದಿದೆ, ನನಗೆ ಬರುವುದು ಅದೊಂದೇ ದನಿ. ಯಜಮಾನರು ಬಾಗಿಲ ಹತ್ತಿರ ಹಗ್ಗ ಹೊಸೆಯುತ್ತಿದ್ದರು.

ಲಿಂಗದ ವಿಷಯ ಬಂದಾಗ ಸೋಮಶೇಖರ್ ಎದ್ದು ನಿಂತ. "ಇದ್ಯಾವ ಶಾಸ್ತ್ರ ಅತ್ಗೆ? ಲಿಂಗ ಮುಟ್ಟಕ್ಕೆ ಅವ ಯಾರು?"

ಆಗ ನಮ್ಮ ಯಜಮಾನರು ಮಾತಾಡಿದರು. ಕೆಮ್ಮಿ ಇನ್ನೊಂದು ಸಲ ಹೇಳಬೇಕಾಯಿತು.

"ಅಲ್ಲಿ ನೀ ಇದ್ಯೇನ್ಲಾ?"

ಸೋಮಶೇಖರ್ ಕೂತುಬಿಟ್ಟ. ಅವನನ್ನೂ ಬೈಯಬೇಡ. ವೃಷಭನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದವನು ಅವನೇ. ಅರ್ಜಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಗೋಡೆ ನೋಡಿಕೊಂಡು ಹೇಳಿದ.

ಉಳಿದದ್ದನ್ನು ಓದಿದೆ. ಮೂರು ಗೆರೆಯ ಮಾತಿಗೆ ಬಂದಾಗ ಮುಂದೆ ಓದಲಾಗಲಿಲ್ಲ. ಇಡಿಯಾಗಿದ್ದಾನೆ, ಲಿಂಗ ಕೈಯಲ್ಲಿದೆ, ಕೂತಿದ್ದಾನೆ. ಇಷ್ಟೆಲ್ಲ ಆಗಿ ನಾವೇ ಅವನನ್ನು ಗೋಡೆಗೆ ಮುಖ ಮಾಡಿದ ಹಾಗೆ ಎತ್ತಲೋ ತಿರುಗಿಸಿ ಕೂರಿಸಿದ್ದರೆ? ಯಜಮಾನರನ್ನು ಕೇಳಿದೆ, ಅವತ್ತು ಪೆಟ್ಟಿಗೆಯನ್ನು ಅಷ್ಟು ಯಾಕೆ ತಿರುಗಿಸಿದಿರಿ?

"ಗೆರೆ ಇದ್ವು ಕಣಮ್ಮಿ. ಒಂದ್ ಅಲ್ಗೆ ಮ್ಯಾಲೆ. ಮಾಸೋಗಿದ್ವು. ಈಬೂತಿ ಇದ್ದ ಕಡೀಕೆ ತಾನೇ ಮುಕ ಇರದು? ಒಳುಗ್ ಏನಾರಾ ಇರ್ಲಿ, ಮುಕ ಅಂತ ಒಂದಿದ್ರೆ ಮೂಡ್ಲಕ್ಕಿರ್ಲಿ ಅಂತ ತಿರುಗುಸ್ದೆ."

ಒಂದು ವರ್ಷ ಯಾಕೆ ಹೇಳಲಿಲ್ಲ ಎಂದೆ.

"ಒಳುಗ್ ಬರೀ ಮೂಳೆ ಅಂತಿದ್ರಲ್ಲ ಎಲ್ರೂವೆ. ಮುಕ ಮಾಡ್ಸಿ ಕೂರ್ಸ್ದೆ ಅಂದ್ರೆ ನಗ್ತಿದ್ರು" ಎಂದರು.

ಜಡೇ, ಆಮೇಲೆ ನಾನು ಅತ್ತೆ. ಹೊಟ್ಟೆ ಹಿಡಿದುಕೊಂಡು ಅತ್ತೆ. ಅಕ್ಕಪಕ್ಕದ ಹೆಂಗಸರು ಓಡಿ ಬಂದರು. ವರ್ಷದ ಮೇಲೆ ಅತ್ತಳಲ್ಲ, ಈಗೇನು ಕೇಡಾಯಿತೋ ಎಂದು ಗಾಬರಿಯಾಗಿದ್ದರು. ಏನೂ ಕೇಡಾಗಿಲ್ಲ, ನನ್ನ ಮಗ ಚೆನ್ನಾಗಿ ಕೂತಿದ್ದಾನಂತೆ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಎದೆಯೊಳಗೆ ಈಗ ನೋವಿದೆ, ಬಹಳ ಇದೆ. ಇರಲಿ ಬಿಡು.

ನಿನ್ನ ಪುಸ್ತಕಗಳಲ್ಲಿ ಹುಡುಕಿ ಹುಡುಕಿ ಸಾಕಾಗಿತ್ತು. ಎತ್ತಿದವನು ಯಾರು ಎಂದು ಕೇಳುತ್ತಿದ್ದೆ, ಅವನಿಗೇ ಕಾಗದ ಬರೆದು ಕೇಳುತ್ತಿದ್ದೆ.

ಜಗಲಿಯ ಗೂಡಿನಲ್ಲಿ ನಿನಗೆಂದು ಬೇರೆ ಇಟ್ಟಿದ್ದ ಲೋಟ ಇತ್ತಲ್ಲ. ನೀನು ಹುಡುಗನಾಗಿದ್ದಾಗಿನಿಂದ ಅಲ್ಲೇ ಇತ್ತು, ನನಗದು ತಪ್ಪೆಂದು ತೋರಿರಲೇ ಇಲ್ಲ. ಅದನ್ನು ತೊಳೆದು ಒಳಗಿನ ಲೋಟಗಳ ಜೊತೆ ಬೋರಲು ಹಾಕಿದ್ದೇನೆ. ಈಗ ಯಾವುದು ನಿನ್ನದು ಎಂದು ನನಗೂ ಗೊತ್ತಾಗುವುದಿಲ್ಲ.

ಗಾರೆಯವನು ಗದ್ದುಗೆ ಕಟ್ಟಿ ಮುಗಿಸುತ್ತಾನೆ. ಮೂಡಲ ಕಡೆಯ ಮುಖಕ್ಕೆ ಸುಣ್ಣ ಬಳಿಸಿ ಹಾಗೇ ಬಿಟ್ಟಿರುತ್ತೇವೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮೊದಲು ನಮ್ಮ ಮನೆಗೆ ಬಾ. ಆ ಮೂರು ಗೆರೆ ನೀನೇ ಎಳೆಯಬೇಕು.

ನಿನ್ನ
ಅಮ್ಮ

ಯಜಮಾನರು ಎರಡು ಸಾಲು ಬರೆಯುತ್ತಾರಂತೆ, ಪೆನ್ನು ಕೊಡುತ್ತಿದ್ದೇನೆ.

ಜಡೇ, ಸತ್ಯಮಂಗಲದಿಂದ ಬರೋ ಬಸ್ಸು ದಿಂಬಂ ತಿರುವ್ನಲ್ಲಿ ಬೋ ತೂಗ್ತದ. ಸೀಟಿಲ್ಲ ಅಂದ್ರೆ ಆ ಬಸ್ ಬುಟ್ಬುಡು, ಮುಂದಿನ್ದು ಅತ್ಕೊ. ನಿಂತ್ಕಬ್ಯಾಡ. ಕುಂತ್ಕಂಡು ಬಾ.
ಶಿವಮಲ್ಲಪ್ಪ